ರಕ್ತಖಾತೆ ವಹಿಸಿಕೊಂಡ ಬೀಟ್ರೂಟ್ ಅವರಿಗೆ

ಮಾನ್ಯ ಬೀಟ್ರೂಟ್ ಅವರೇ,

ಚೆನ್ನೈನ ಅಣ್ಣಾ ನಗರದ ನಮ್ಮ ಅಡುಗೆಮನೆಯ ಬುಟ್ಟಿಯಲ್ಲಿ ಮೈತುಂಬ ಮಣ್ಣು ಮೆತ್ತಿಕೊಂಡು ವಿರಾಜಮಾನರಾಗಿರುವ ತಮಗೆ, ಈ ಮನೆಯ ಹಿರಿಸೊಸೆ ಸಂಗೀತಾಳ ಅಡ್ಡಬಿದ್ದ ನಮಸ್ಕಾರಗಳು. ಹೋದ ವರ್ಷ, ಅಂದರೆ ಎರಡು ಸಾವಿರದ ನಾಲ್ಕರಲ್ಲಿ, ನಾನು ಬಸುರಿಯಾಗಿ ಬಿಳಿಚಿಕೊಂಡಾಗ ನನ್ನ ಮೈಯ ರಕ್ತದ ಖಾತೆಯನ್ನು ವಹಿಸಿಕೊಂಡ ತಮ್ಮ ದೊಡ್ಡ ಮನಸ್ಸನ್ನು ಮರೆಯುವುದುಂಟೇ!

ತಮ್ಮನ್ನು ನೇಮಿಸಿದವರು ನನ್ನ ಅತ್ತೆ ಸರ್ವಮಂಗಳಾ. "ಕೆಂಪಂದ್ರ ರಕ್ತ, ಇದರಾಗ ಓದೋದೇನೈತಿ?" ಎಂಬ ಅವರ ಮಾತೇ ತಮ್ಮ ಅರ್ಹತೆ, ತರಕಾರಿ ಮಾರುವ ಸೆಲ್ವಿ "ರತ್ತಂ ಊರುಂ ಅಕ್ಕಾ", ರಕ್ತ ಊರುತ್ತದೆ ಅಕ್ಕಾ, ಎಂದು ತಮಿಳಿನಲ್ಲಿ ಅನುಮೋದಿಸಿದಳು. ಪಲ್ಯವಾಗಿ, ರಸವಾಗಿ, ಹಲ್ವವಾಗಿ ತಾವು ಅವತಾರವೆತ್ತಿದಿರಿ. ನನ್ನ ನಾಲಿಗೆ ಕೆಂಪಾಯಿತು, ಸೆರಗು ಕೆಂಪಾಯಿತು, ರಕ್ತ ಮಾತ್ರ ಆಗಲಿಲ್ಲ.

ಅದೇ ಹೊತ್ತಿಗೆ ನನಗೆ ಹಾಲು-ಮೊಸರು ಬಂದ್ ಆದವು. "ಬಸುರಿ ಮೊಸರು ತಿಂದ್ರ ಕೂಸಿಗೆ ಕಫ ಆಗ್ತೈತಿ" ಎಂದರು ಅತ್ತೆ. ಅದಕ್ಕೂ ಮೊದಲು ತಿಂದು ತೇಗಿದ್ದೆನೆಂದಲ್ಲ. ಮಾವ ಶಾಂತವೀರಪ್ಪನವರು, ನನ್ನ ಗಂಡ ಶಿವರಂಜನ್, ಮೈದುನ ಎಲ್ಲರೂ ಉಂಡೆದ್ದ ಮೇಲೆ ಸೊಸೆ ಕೂರುವ ಪದ್ಧತಿಯಲ್ಲಿ, ಮದುವೆಯಾದಾಗಿನಿಂದ ಮೊಸರಿನ ಗಡಿಗೆ ನನ್ನ ಕೈಗೆ ಬರುತ್ತಿದ್ದದ್ದು ತೊಳೆಯುವುದಕ್ಕೆ.

ಆಮೇಲೆ ವೈರಸ್ ಜ್ವರ ಬಂತು. ಮೈಲಾಪೂರಿನ ಡಾಕ್ಟರಮ್ಮ ರಕ್ತ ಪರೀಕ್ಷೆ ನೋಡಿ ಕನ್ನಡಕ ತೆಗೆದಿಟ್ಟರು: ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ನೆಲಕಚ್ಚಿದ್ದವು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮಗು ಉಳಿಯದಿದ್ದರೆ ಎಂದು ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಗ, ಖಾತೆಯ ಹೊಣೆ ಹೊತ್ತ ತಾವು ಫ್ರಿಜ್ಜಿನಲ್ಲಿ ತಣ್ಣಗೆ ಮಲಗಿದ್ದಿರಿ. ಜ್ವರ ಕೊಟ್ಟದ್ದು ಮೇಲಿನ ಪೆಟ್ಟು, ಬಿ-ಟ್ವೆಲ್ವ್ ವಿಟಮಿನ್ನಿನ ಕೊರತೆ ಹಳೆಯ ಪೆಟ್ಟು ಎಂದರು ಡಾಕ್ಟರಮ್ಮ. ಆ ವಿಟಮಿನ್ ಯಾವ ಗೆಡ್ಡೆಯಲ್ಲೂ ಇಲ್ಲವಂತೆ. ಮಾಂಸ ಮುಟ್ಟದ ನಮ್ಮಂಥವರಿಗೆ ಹಾಲು-ಮೊಸರೇ ಗತಿಯಂತೆ. ಇಂಜೆಕ್ಷನ್ ಚುಚ್ಚಿಸಿಕೊಂಡೆ, ಜ್ವರ ಇಳಿಯಿತು, ಕಣಗಳು ಏರಿದವು, ಮಗಳು ಕೇರಿಗೆಲ್ಲ ಕೇಳುವಂತೆ ಅಳುತ್ತಾ ಹುಟ್ಟಿದಳು.

ತೊಟ್ಟಿಲ ದಿನ ಅತ್ತೆ ಬಂದವರಿಗೆಲ್ಲ ಹೇಳಿದ್ದೇನು ಗೊತ್ತೇ? "ಎಲ್ಲಾ ಬೀಟ್ರೂಟಿನ ಪುಣ್ಯ!" ಚುಚ್ಚಿಸಿಕೊಂಡವಳು ನಾನು, ಕೀರ್ತಿ ತಮಗೆ. ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಈಗ ಮೈದುನನ ಹೆಂಡತಿ ಬೃಂದಾ ಬಸುರಿ. ಅವಳ ತುಟಿ ಆಗಲೇ ಸುಣ್ಣದ ಗೋಡೆಯಾಗಿದೆ, ಅವಳಿಗೂ ಮೊಸರು ಬಂದ್, ನಿನ್ನೆ ತಾವು ಚೀಲ ತುಂಬ ಬಂದಿಳಿದಿರಿ. ನನಗೆ ಮೈ ಉರಿಯುತ್ತಿದೆ, ಸ್ವಾಮೀ.

ಆದ್ದರಿಂದ ತಾವು ದಯಮಾಡಿ ಬುಟ್ಟಿಯಿಂದಿಳಿದು, ಅತ್ತೆಯವರೆದುರು ನಿಂತು, ಬೆಳ್ಳಗಿರುವುದೆಲ್ಲ ಹಾಲಲ್ಲ, ಹಾಗೆಯೇ ಕೆಂಪಗಿರುವುದೆಲ್ಲ ರಕ್ತವಲ್ಲ ಎಂದು ತಮ್ಮ ಬಾಯಿಂದಲೇ ಹೇಳಿ ರಾಜೀನಾಮೆ ಕೊಡಬೇಕು. ನಾನು ಹೇಳಿದರೆ ಅದು ಎದುರುತ್ತರವಾಗುತ್ತದೆ. ಅದಾಗದಿದ್ದರೆ ಮುಂದಿನ ಬೆಳೆಯಿಂದ ಮೂಲಂಗಿಯ ಬಣ್ಣದಲ್ಲಿ ಹುಟ್ಟಿ ಬನ್ನಿ.

ತಮ್ಮ ಸೇವೆಯಲ್ಲಿ ಬಿಳಿಚಿಕೊಂಡ, ತಮ್ಮ ವಿಶ್ವಾಸಿ,
ಸಂಗೀತಾ

ಮರೆತ ಮಾತು: ತಮ್ಮ ಉತ್ತರ ಬರುವ ತನಕ ಕಾಯಲಾಗಲಿಲ್ಲ. ಇವತ್ತು ಬೃಂದಾಳನ್ನು ಕೂರಿಸಿ ಮೊದಲ ಪಂಕ್ತಿಯಲ್ಲೇ ನಾವಿಬ್ಬರೂ ಉಂಡೆವು. ಮೊಸರಿನ ಗಡಿಗೆ ಖಾಲಿಯಾಯಿತು. ಗಂಡಸರ ಅನ್ನಕ್ಕೆ ತಮ್ಮನ್ನೇ ತುರಿದಿಟ್ಟಿದ್ದೇನೆ. ಪಾಪ, ಅವರಿಗೂ ರಕ್ತ ಬೇಡವೇ?