ಹುಲಿಗೇಶ ಮಾಸ್ತರರ ಪರೀಕ್ಷಾರ್ಥ ಸವಾರಿ

ವಾಹನ ಮಳಿಗೆಯ ಪ್ರಥಮ ಕರ್ತವ್ಯ ವಾಹನ ಓಡಿಸಿ ತೋರಿಸುವುದೇ ಹೊರತು ಮಾರುವುದಲ್ಲ ಎಂಬುದನ್ನು ತ್ರಿವೇಗ ಮೋಟಾರ್ಸ್ ಸಂಸ್ಥೆಯ ಮುಖ್ಯ ಕಚೇರಿಯು ಈ ಯುಗಾದಿಯಿಂದ ಜಾರಿಗೆ ಬರುವಂತೆ ಸ್ಪಷ್ಟಪಡಿಸಿದೆ. ಮಾರಾಟದ ಲೆಕ್ಕ ಕೇಳಿದರೆ ಶಾಖೆಗಳು ಅಳುತ್ತಿದ್ದವು, ಸವಾರಿಯ ಲೆಕ್ಕ ಕೇಳಿದರೆ ನಗುತ್ತಿದ್ದವು. ನಗುವ ಶಾಖೆಗಳೇ ಸಂಸ್ಥೆಗೆ ಶೋಭೆ ಎಂದು ಮೇಲಿನವರಿಗೆ ಅನ್ನಿಸಿದ್ದು ಸಹಜವೇ. ಪರೀಕ್ಷಾರ್ಥ ಸವಾರಿ, ಅಂದರೆ ಮಂದಿ ಟೆಸ್ಟ್ ಡ್ರೈವ್ ಅನ್ನುತ್ತಾರಲ್ಲ ಅದು, ಯಾವ ಶಾಖೆಯಲ್ಲಿ ಹೆಚ್ಚು ನಡೆಯುತ್ತದೋ ಆ ಶಾಖೆಯ ವ್ಯವಸ್ಥಾಪಕರನ್ನು ಸಂಸಾರ ಸಮೇತ ಸಿಂಗಾಪುರಕ್ಕೆ ಕಳಿಸುವುದಾಗಿ ಪ್ರಕಟಿಸಲಾಯಿತು. ರಾಯಚೂರು ಶಾಖೆಯ ಸೈಫುದ್ದೀನ್ ಸಾಹೇಬರು ಅಂದೇ ಹೋಗಿ ಪಾಸ್‌ಪೋರ್ಟ್ ಫೋಟೊ ತೆಗೆಸಿಕೊಂಡು ಬಂದರು.

ಇಂಥ ಶುಭ ಗಳಿಗೆಯಲ್ಲಿ ಹುಲಿಗೇಶ ಮಾಸ್ತರರು ಹೆಂಡತಿಯನ್ನು ಕರೆದುಕೊಂಡು ಬಂದು ಆ ಮಳಿಗೆಯ ಗಾಜಿನ ಬಾಗಿಲು ತಳ್ಳಿದರು.

ಮಾಸ್ತರರ ಮನೆ ರಾಯಚೂರಿನಲ್ಲಿ, ಶಾಲೆ ದೇವದುರ್ಗದಲ್ಲಿ. ವಾರವಿಡೀ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಪಾಠ ಮಾಡಿ, ನಿಂತೇ ತಿರುಗಿ ಬರುವ ಈ ಮನುಷ್ಯನಿಗೆ ಕೂಡುವ ಸುಖ ಸಿಗುತ್ತಿದ್ದುದು ಐತವಾರ ಕೃಷ್ಣಾ ನದಿಯ ದಂಡೆಯಲ್ಲಿ, ಗಾಳ ಬಿಟ್ಟುಕೊಂಡಾಗ ಮಾತ್ರ. ಜೊತೆಗೆ ಹೆಂಡತಿ ಶಶಿಕಲಾ. ಆಕೆ ಆಸ್ಪತ್ರೆಯಲ್ಲಿ ನರ್ಸು. ವಾರವೆಲ್ಲ ಮಂದಿಯ ನರಳಾಟ ಕೇಳಿ ಕಿವಿ ತೂತಾದ ಆಕೆಗೆ ಬೇಕಾಗಿದ್ದು ಒಂದೇ. ಗಂಡ, ತಾನು, ಎದುರಿಗೆ ನೀರು, ನಡುವೆ ಮೂರನೆಯವರ ದನಿ ಇರಬಾರದು. ಮೀನು ಬಿದ್ದರೆ ಬೀಳಲಿ, ಬಿಟ್ಟರೆ ಬಿಡಲಿ. ಆದರೆ ಈಚೆಗೆ ಬಸ್ಸಿನಲ್ಲಿ ಗಾಳದ ಕೋಲು ಒಬ್ಬ ಹಿರಿಯರ ರುಮಾಲನ್ನು ಎತ್ತಿಕೊಂಡು ಕಿಟಕಿಯಿಂದ ಹೊರಗೆ ಹೋದದ್ದರಿಂದ ಸ್ವಂತ ಗಾಡಿ ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ದಿನಾ ಶಾಲಿಗೆ ಹೋಗಾಕೂ ಬರಬೇಕ್ರಿ, ಹೊಳಿ ದಂಡಿ ಉಸುಕಿನಾಗೂ ಸಿಕ್ಕೊಂಡು ನಿಲ್ಲಬಾರ್ದು," ಎಂದರು ಮಾಸ್ತರರು. ಆಮೇಲೆ ಸ್ವಲ್ಪ ನಾಚಿಕೊಂಡು, "ಓಡಿಸೋವಾಗ ಒಂಚೂರು ಮಜಾನೂ ಬರಬೇಕು," ಎಂದು ಸೇರಿಸಿದರು.

"ಮಜಾ ಓಡಿಸಿ ನೋಡಿದ್ರ ತಿಳೀತದ್ರಿ ಸರ್, ಬರ್ರಿ," ಎಂದಳು ಗುಲ್ಫಶಾ. ಗ್ರಾಹಕರ ಪಕ್ಕದಲ್ಲಿ ಕೂತು ಗಾಡಿಯ ಗುಣ ವಿವರಿಸುವುದು ಆಕೆಯ ಹುದ್ದೆ.

ಮೊದಲು ಸ್ಕೂಟರು, ದೇವದುರ್ಗದ ಶಾಲೆಯ ತನಕ. ಅದು ಶಾಲೆಗೆ ಸರಿ, ಮಜಾಕ್ಕೆ ಸೊನ್ನೆ. ಆಮೇಲೆ ಮೋಟಾರ್‌ಸೈಕಲ್ಲು. ಯಾಪಲದಿನ್ನಿಯ ತನಕ ಹೋಗಿ ಬರುವಷ್ಟರಲ್ಲಿ ಮಾಸ್ತರರಿಗೆ ಕಾಲೇಜಿನ ವಯಸ್ಸು ಮರಳಿತ್ತು, ಆದರೆ ಬುತ್ತಿಯ ಸಾರು ಪೂರ್ತಿ ಹಿಂದೆ ಕೂತಿದ್ದ ಶಶಿಕಲಾಳ ಸೀರೆಗೆ ಹೋಗಿತ್ತು. ಕೊನೆಗೆ ಒಂದು ಎತ್ತರದ ಹಸಿರು ಜೀಪು. ಅದು ಉಸುಕಿನಲ್ಲಿ ಎಮ್ಮೆ ಕೆರೆಗಿಳಿದ ಹಾಗೆ ಆರಾಮಾಗಿ ಇಳಿಯಿತು, ಆರಾಮಾಗಿ ಹತ್ತಿತು. ಮಾಸ್ತರರು ಒಬ್ಬರೇ ನಗುತ್ತಿದ್ದುದನ್ನು ಶಶಿಕಲಾ ಕಣ್ಣಾರೆ ಕಂಡಳು.

"ಇದ ಇರ್ಲಿ," ಎಂದಳು. ಯಾವುದನ್ನೂ ಅಷ್ಟು ಸಲೀಸಾಗಿ ಒಪ್ಪುವ ಹೆಣ್ಣುಮಗಳಲ್ಲ ಆಕೆ.

ಇಲ್ಲಿ ಸಂಸ್ಥೆಯ ನಿಯಮ ನಾಲ್ಕನ್ನು ಹೇಳಲೇಬೇಕು. ಯಾವುದೇ ಊರಿನ ಬೋರ್ಡು ದಾಟಿದ ಕೂಡಲೇ ಒಂದು ಸವಾರಿ ಮುಕ್ತಾಯಗೊಂಡಂತೆ ಭಾವಿಸತಕ್ಕದ್ದು. ಗಾಡಿ ನಿಲ್ಲಿಸಿ, ಬ್ರೇಕು, ಕ್ಲಚ್ಚು, ದೀಪಗಳನ್ನು ಗ್ರಾಹಕರಿಗೆ ಹೊಸದಾಗಿ ವಿವರಿಸಿದ ನಂತರವೇ ಮುಂದಿನ ಸವಾರಿ ಆರಂಭಿಸತಕ್ಕದ್ದು. ವಿವರಣೆಯು ಫೋನಿನಲ್ಲಿ ಧ್ವನಿಮುದ್ರಣವಾಗತಕ್ಕದ್ದು. ಗಾಡಿ ನೆರಳಿಗೆ ನಿಂತಿದ್ದರೆ ಅದನ್ನು ನೆರಳಿನ ಪರೀಕ್ಷೆಯೆಂದು ಪರಿಗಣಿಸಿ, ಆಗಲೂ ವಿವರಿಸುತ್ತಲೇ ಇರತಕ್ಕದ್ದು. ರಾಯಚೂರಿಂದ ದೇವದುರ್ಗಕ್ಕೆ ದಾರಿಯಲ್ಲಿ ಊರುಗಳಿಗೇನು ಬರ. ಹೀಗಾಗಿ ಮಾಸ್ತರರೊಬ್ಬರೇ ಉಳಿದ ಎಲ್ಲ ಗ್ರಾಹಕರಿಗಿಂತ ಹೆಚ್ಚು ಸವಾರಿ ಮಾಡಿಕೊಟ್ಟಿದ್ದರು, ಪಾಪ, ಅವರಿಗೇ ಗೊತ್ತಿಲ್ಲದೆ.

"ಈ ಜೀಪ್ ಕೊಟ್ಟುಬಿಡ್ರಿ," ಎಂದು ಮಾಸ್ತರರು ಕೇಳಿದಾಗ ಸೈಫುದ್ದೀನ್ ಸಾಹೇಬರ ಮುಖ ಬಾಡಿತು. ಕೊಂಡವರು ಮಾಲೀಕರಾಗುತ್ತಾರೆ, ಮಾಲೀಕರಿಗೆ ಪರೀಕ್ಷಾರ್ಥ ಸವಾರಿ ಇರುವುದಿಲ್ಲ.

"ಯಾಕ್ರಿ ಮಾಸ್ತರ್, ನಮ್ಮಿಂದ ಏನ್ ತಪ್ಪಾಗ್ಯದ?"

"ಗಾಡಿ ಛಲೋ ಅದ ಅಂತ ನೀವ ಹೇಳಿದ್ರಲ್ರಿ."

"ಹೇಳೀನ್ರಿ, ಇಲ್ಲ ಅನ್ನಂಗಿಲ್ಲ. ಓಡಿಸಾಕ ಛಲೋ ಅದ. ತಗೊಳ್ಳಾಕ ಅಷ್ಟೇನ್ ಛಲೋ ಇಲ್ರಿ. ಡೀಸೆಲ್ ಕುಡೀತದ. ಇನ್ನ ನಮ್ಮ ಸರ್ವಿಸ್ ಅಂತೀರಿ, ಖುದಾನ ಕಾಯಬೇಕು."

ಮರುದಿನ ಬೆಳಿಗ್ಗೆ ಹಸಿರು ಜೀಪು ಮಾಸ್ತರರ ಮನೆಯ ಮುಂದೆ ನಿಂತಿತ್ತು. ಒಳಗೆ ಗುಲ್ಫಶಾ. "ಸರ್ ಇನ್ನೂ ವಿಚಾರ ಮಾಡಾಕತ್ತಾರ ಅಂತ ಬರ್ಕೊಂಡೀವ್ರಿ. ಹತ್ರಿ, ಶಾಲಿಗೆ ಹೊತ್ತಾಗ್ತದ," ಎಂದಳು. ಡೀಸೆಲ್ಲು ಸಂಸ್ಥೆಯದು. ಮಾಸ್ತರರು ಬೇಡವೆನ್ನಲಿಲ್ಲ, ಯಾರಾಗಿದ್ದರೂ ಅನ್ನುತ್ತಿರಲಿಲ್ಲ. ಅಂದಿನಿಂದ ಅವರು ಕೂತು ಹೋಗಿ ಕೂತು ಬರತೊಡಗಿದರು. ಜೀಪು ಶಾಲೆಯ ಬೇವಿನಮರದಡಿ ನಿಂತಿರುವಾಗ ಗುಲ್ಫಶಾ ಸ್ಟಾಫ್ ರೂಮಿನಲ್ಲಿ ಕ್ಲಚ್ಚಿನ ವಿಷಯ ಹೇಳುತ್ತಲೇ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಈ ಸಲ ಮಾಸ್ತರರು ಕಲಿಸುವ ಕನ್ನಡದಲ್ಲಿ ಯಾರೂ ಫೇಲಾಗಲಿಲ್ಲ.

ಸಂಕಟ ಶುರುವಾದದ್ದು ಐತವಾರ. ನದಿಯ ದಂಡೆಯಲ್ಲಿ ಇತ್ತ ಮಾಸ್ತರರು, ಅತ್ತ ಶಶಿಕಲಾ, ನಡುವೆ ಗುಲ್ಫಶಾ ಕೂತು ಹಿಂದಿನ ಗಾಜಿನ ವೈಪರಿನ ಮಹಿಮೆ ಹೇಳುತ್ತಿದ್ದಳು. ಮೀನುಗಳು ಆಚೆ ದಂಡೆಗೆ ಹೋದವು.

"ಒಂದೀಟು ಸುಮ್ಕ ಕುಂದ್ರವಾ," ಎಂದಳು ಶಶಿಕಲಾ.

"ಸುಮ್ಕಿದ್ರ ಸವಾರಿ ರದ್ದಾಗ್ತದ್ರಿ ಅಕ್ಕಾ. ನನ್ನ ಪಗಾರದಾಗ ಹಿಡೀತಾರ."

ಹುಡುಗಿ ಒಳ್ಳೆಯವಳು, ಆಕೆಯ ತಪ್ಪೇನೂ ಇರಲಿಲ್ಲ. ಅದಕ್ಕೇ ಶಶಿಕಲಾಳಿಗೆ ಸಿಟ್ಟು ಮಾಡಲೂ ಆಗಲಿಲ್ಲ. ಮನೆಗೆ ಬಂದವಳೇ ಗಂಡನಿಗೆ, "ನನಗ ಜೀಪ್ ಬ್ಯಾಡ್ರಿ, ನನ್ನ ಐತವಾರ ನನಗ ವಾಪಸ್ ಕೊಡಸ್ರಿ," ಎಂದಳು. ಆಕೆಯ ಕಣ್ಣಲ್ಲಿ ನೀರಿತ್ತು.

ಗಾಡಿ ಸ್ವಂತದ್ದಾದರೆ ವಿವರಿಸುವವರ ಕಾಟ ಇರುವುದಿಲ್ಲವೆಂದು ಮಾಸ್ತರರು ರೊಕ್ಕ ಕಟ್ಟಿಕೊಂಡು ಮಾನ್ವಿ ಶಾಖೆಗೆ ಹೋದರು. ಅಲ್ಲಿನ ವ್ಯವಸ್ಥಾಪಕ ಗುಲಾಮ್ ದಸ್ತಗೀರ್ ಬೀಗರು ಬಂದಷ್ಟು ಸಂಭ್ರಮದಿಂದ ಎದ್ದುಬಂದು ಅಪ್ಪಿಕೊಂಡರು. "ತಗೊಳ್ಳೋ ಮಾತು ಯಾಕ್ರಿ ಮಾಸ್ತರ್, ಓಡಸ್ರಿ. ಕುರ್ಡಿ, ಮಲ್ಲಟ, ಎಲ್ಲಾ ನಿಮ್ದ. ವಿವರಿಸಾಕ ಇಬ್ಬರನ್ನ ಕೊಡ್ತೀನಿ, ಚಹಾದ ಫ್ಲಾಸ್ಕ್ ಬ್ಯಾರೆ," ಎಂದರು. ಸುದ್ದಿ ತಿಳಿದ ಸೈಫುದ್ದೀನ್ ಸಾಹೇಬರು ಸವಾರನ ಅಪಹರಣವಾಗಿದೆಯೆಂದು ಮೇಲಕ್ಕೆ ದೂರು ಕೊಟ್ಟರು. ಮುಖ್ಯ ಕಚೇರಿಯು ಎರಡೂ ಕಡೆಯವರ ಅಹವಾಲು ಆಲಿಸಿ ಈ ಕೆಳಗಿನಂತೆ ಆದೇಶಿಸಿತು.

"ಸದರಿ ಹುಲಿಗೇಶ ಅವರನ್ನು ರಾಯಚೂರು ಶಾಖೆಯ ಶಾಶ್ವತ ಸಂಭಾವ್ಯ ಗ್ರಾಹಕರೆಂದು ಘೋಷಿಸಲಾಗಿದೆ. ಶಾಶ್ವತ ಸಂಭಾವ್ಯ ಗ್ರಾಹಕರು ವಾಹನ ಕೊಳ್ಳಲು ಯತ್ನಿಸುವುದು ಸಂಸ್ಥೆಯ ವಿಶ್ವಾಸಕ್ಕೆ ಎಸಗುವ ದ್ರೋಹವಾಗುತ್ತದೆ. ಮಾನ್ವಿ ಶಾಖೆಯ ಸಮಾಧಾನಾರ್ಥ ಸದರಿಯವರನ್ನು ಆಗಾಗ ಕುರ್ಡಿಯ ಬೋರ್ಡಿನ ತನಕ ಕಳಿಸಿಕೊಡತಕ್ಕದ್ದು."

ಆದೇಶ ಓದಿದ ಶಶಿಕಲಾ ಮರುದಿನ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಮಳಿಗೆಗೆ ಬಂದಳು. ಗೋಡೆಯ ಮೇಲಿನ ನಿಯಮಗಳನ್ನು ರೋಗಿಯ ಚೀಟಿ ಓದುವ ಹಾಗೆ ಮೇಲಿಂದ ಕೆಳಗೆ ಓದಿ ಸೈಫುದ್ದೀನ್ ಸಾಹೇಬರನ್ನು ಕೇಳಿದಳು:

"ವಿವರಿಸೋರು ಈ ಹುಡುಗೀನ ಇರಬೇಕು ಅಂತ ಇಲ್ಲಲ್ರಿ?"

"ಹಂಗೇನಿಲ್ರಿ ಸಿಸ್ಟರ್. ಕಂಪನಿಯ ಹಳದಿ ಅಂಗಿ ಹಾಕ್ಕೊಂಡಿರಬೇಕು, ಅಷ್ಟ."

"ಆ ಅಂಗಿ ನಮ್ಮನಿಯವ್ರಿಗೆ ಒಂದು ಕೊಡ್ರಿ. ಐತವಾರಕ್ಕ ಗಿರಾಕಿ ನಾನು."

ಸಾಹೇಬರು ಬೆರಳು ಮಡಚಿ ಲೆಕ್ಕ ಹಾಕಿದರು. ಒಂದೇ ಮನೆಯಲ್ಲಿ ಎರಡನೆಯ ಸಂಭಾವ್ಯ ಗ್ರಾಹಕಿ, ಅದೇ ದಾರಿ, ಅಷ್ಟೇ ಊರುಗಳು. ಅವರ ಕಣ್ಣು ತುಂಬಿ ಬಂತು. ಅಂಗಿಯ ಅಳತೆಯನ್ನು ತಾವೇ ತೆಗೆದುಕೊಂಡರು. ಗುಲ್ಫಶಾಗೆ ಐತವಾರದ ರಜೆ ಸಿಕ್ಕಿತು, ಸಾಹೇಬರಿಗೆ ಸಿಂಗಾಪುರ ಸಿಕ್ಕಿತು, ಮಾನ್ವಿಯವರೂ ಕುರ್ಡಿಯ ಬೋರ್ಡಿನ ಬಳಿ ಹಾರ ಹಿಡಿದು ನಿಂತು ತೃಪ್ತರಾದರು. ಮಾಸ್ತರರ ಓಣಿಯಲ್ಲಿ ಈಗ ಯಾರೂ ಗಾಡಿ ಕೊಳ್ಳುವುದಿಲ್ಲ, ಎಲ್ಲರೂ ವಿಚಾರ ಮಾಡುತ್ತಿದ್ದಾರೆ.

ಐತವಾರ ಜೀಪು ಓಡಿಸಿದ್ದು ಶಶಿಕಲಾ. ಲೈಸೆನ್ಸು ಆಕೆಗೆ ಎಂದೋ ಆಗಿತ್ತು. ಊರೂರಿನ ಬೋರ್ಡಿನ ಬಳಿ ನಿಲ್ಲಿಸಿದಾಗ ಮಾಸ್ತರರು ಹಳದಿ ಅಂಗಿಯಲ್ಲಿ ಬೆವರುತ್ತ, "ಮೇಡಂ, ಇದು ಬ್ರೇಕ್ ನೋಡ್ರಿ," ಎಂದು ಶುರುಮಾಡುತ್ತಿದ್ದರು. ದಂಡೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಗಾಳ ಬಿಟ್ಟುಕೊಂಡು ಇಬ್ಬರೂ ಪಕ್ಕಪಕ್ಕ ಕೂತರು. ಸುಮ್ಮನಿದ್ದರೆ ಸವಾರಿ ರದ್ದಾಗುತ್ತದೆಂಬ ಭಯಕ್ಕೆ ಮಾಸ್ತರರು ದೀಪದ ಬಗ್ಗೆ, ಮಂಜಿನ ದೀಪದ ಬಗ್ಗೆ, ಸೀಟು ಹಿಂದೆ ಸರಿಸುವ ಬಗೆಯ ಬಗ್ಗೆ ಹೊತ್ತು ಇಳಿಯುವ ತನಕ ಹೇಳಿದರು. ಮದುವೆಯಾದಂದಿನಿಂದ ಈ ಮನುಷ್ಯ ತನ್ನೊಂದಿಗೆ ಇಷ್ಟು ಹೊತ್ತು ಮಾತಾಡಿದ್ದೇ ಇಲ್ಲವಲ್ಲ ಎಂದು ಶಶಿಕಲಾಳಿಗೆ ಅನ್ನಿಸಿತು.

"ಹೆಂಗ್ರಿ ಮೇಡಂ, ಮನಸ್ಸಿಗೆ ಬಂತೇನ್ರಿ ಗಾಡಿ?" ಎಂದು ನಿಯಮದ ಪ್ರಕಾರ ಮಾಸ್ತರರು ಕೇಳಿದರು.

"ಹಿಂಗ ಒಮ್ಮಿಂದೊಮ್ಮೆಲೆ ಹೇಳಾಕ ಬರಂಗಿಲ್ರಿ," ಎಂದು ಶಶಿಕಲಾ ಅವರ ಹೆಗಲಿಗೆ ತಲೆ ಆನಿಸಿದಳು. "ಆ ಸೀಟಿಂದು ಮತ್ತೊಮ್ಮಿ ಹೇಳ್ರಿ."