ಸಪೋರ್ಟ್ ಆಟಗಾರರು ಪಂದ್ಯವನ್ನು ತಾವೇ ಗೆದ್ದುಬಿಟ್ಟ ಬಗ್ಗೆ

ಡುಲುತ್ ಲೂನ್ಸ್ ಆನ್‌ಲೈನ್ ಆಟದ ತಂಡ
ಶಿಸ್ತು ಮತ್ತು ಕೀರ್ತಿ ಹಂಚಿಕೆ ಶಾಖೆ
ಬೌಲಿಂಗ್ ಅಂಗಣದ ನೆಲಮಾಳಿಗೆ, ಡುಲುತ್, ಮಿನೆಸೋಟ

ಸಂಖ್ಯೆ: ಲೂನ್/ಕೀಹಂ/ಸಪೋ/ಚಳಿಗಾಲ
ದಿನಾಂಕ: ಫೈನಲ್‌ಗೆ ಮುಂಚಿನ ಗುರುವಾರ

ಸುತ್ತೋಲೆ

ವಿಷಯ: ಗಾಯಾಳುಗಳ ಆರೈಕೆ ಮಾಡಬೇಕಾದವರು ಶತ್ರುಗಳನ್ನು ಹೊಡೆದಿರುವುದು, ಸಪೋರ್ಟ್ ಆಟಗಾರರಿಗೆ ಇರತಕ್ಕ ಮನೋಭಾವ.

ಉಲ್ಲೇಖ: ೧) ಕಳೆದ ಭಾನುವಾರದ ಸೆಮಿಫೈನಲ್ ಪಂದ್ಯದ ಧ್ವನಿಮುದ್ರಣ.
೨) ಶ್ರೀಮತಿ ಮಾರಿಟ್ ಸುಂಡ್‌ಕ್ವಿಸ್ಟ್ ಅವರ ಮನವಿ.
೩) ಅದೇ ಮನವಿಯ ಬಗ್ಗೆ ಅವರದೇ ನೆನಪೋಲೆಗಳು.

ಪ್ರಸ್ತಾವನೆ:

ಐವರ ಎದುರು ಐವರು ಕಾದಾಡುವ ಸದರಿ ಆಟದಲ್ಲಿ ನಾಲ್ವರು ಹೊಡೆಯುವುದು, ಒಬ್ಬರು ಹಿಂದೆ ನಿಂತು ಹೊಡೆತ ತಿಂದವರ ಗಾಯ ವಾಸಿ ಮಾಡುವುದು ವಾಡಿಕೆ. ಹಗಲು ಹೊತ್ತು ಶಾಲಾ ಬಸ್ ಓಡಿಸುವ ಶ್ರೀಮತಿ ಮಾರಿಟ್ ಅವರು ತಂಡ ಹುಟ್ಟಿದಂದಿನಿಂದಲೂ ಆ ಒಬ್ಬರ, ಅಂದರೆ ಸಪೋರ್ಟ್ ಆಟಗಾರರ, ಹುದ್ದೆಯನ್ನು ನಿರ್ವಹಿಸುತ್ತಿದ್ದಾರೆ. ಸದರಿ ಹುದ್ದೆಗೆ ಬೇರಾರೂ ಅರ್ಜಿ ಹಾಕಿರುವುದಿಲ್ಲ.

ಕಳೆದ ಭಾನುವಾರ ಮುಂಚೂಣಿ ಆಟಗಾರರಾದ ಶ್ರೀ ಕೋಲ್ಟನ್ ಬ್ರಾಂಡ್ವೋಲ್ಡ್ ಅವರು ಯಾರಿಗೂ ಹೇಳದೆ ಐವರು ಶತ್ರುಗಳ ನಡುವೆ ಒಬ್ಬರೇ ನುಗ್ಗಿ, ವೀರೋಚಿತವಾಗಿ ಸತ್ತರು. ಸಾಯುವಾಗ ಅವರು "ಎಲ್ರೀ ಮಾರಿಟ್? ಹೀಲ್ ಕೊಡ್ರೀ! ಬಸ್ಸಲ್ಲೇ ನಿದ್ದೆ ಹೊಡೀತಿದೀರಾ?" ಎಂದು ಕೂಗಿದ್ದು ಧ್ವನಿಮುದ್ರಣದಲ್ಲಿ ಸ್ಪಷ್ಟವಾಗಿದೆ. ಅವರನ್ನು ನೋಡಿ ಹುರುಪೇರಿ ನುಗ್ಗಿದ ಉಳಿದ ಮೂವರಿಗೂ ಅದೇ ಗತಿಯಾಯಿತು. ಆಗ ಶ್ರೀಮತಿ ಮಾರಿಟ್ ಅವರು "ಅಯ್ಯೋ, ಹೋಗ್ಲಿ ಬಿಡಿ, ನಾನೇ ನೋಡ್ಕೋತೀನಿ" ಎಂದು, ಆರೈಕೆಯ ಕೋಲನ್ನು ಪಕ್ಕಕ್ಕಿಟ್ಟು, ಅಳಿದುಳಿದ ಶತ್ರುಗಳನ್ನು ಹೊಡೆದುರುಳಿಸಿ, ತಂಡವನ್ನು ಫೈನಲ್‌ಗೆ ತಲುಪಿಸಿದ್ದಾರೆ. ಪೂರ್ವಾನುಮತಿ ಪಡೆದಿರುವುದಿಲ್ಲ.

ಇದರಿಂದ ಸತ್ತ ನಾಲ್ವರ ಮನಸ್ಸಿಗೆ ಗಾಯವಾಗಿದ್ದು, ಆ ಗಾಯವನ್ನೂ ಅವರು ವಾಸಿ ಮಾಡಿರುವುದಿಲ್ಲ. ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಆದೇಶಿಸಲಾಗಿದೆ.

೧. ಸಪೋರ್ಟ್ ಆಟಗಾರರು ಗೆಲುವನ್ನು ಬಯಸತಕ್ಕದ್ದು. ಗೆಲ್ಲತಕ್ಕದ್ದಲ್ಲ.

೨. ಮುಂಚೂಣಿ ಆಟಗಾರರು ಬದುಕುಳಿದರೆ ಅದನ್ನು ಅವರ ಚಾಕಚಕ್ಯತೆಯೆಂದೂ, ಸತ್ತರೆ ಸಪೋರ್ಟ್ ಆಟಗಾರರ ಕರ್ತವ್ಯಲೋಪವೆಂದೂ ಪರಿಗಣಿಸತಕ್ಕದ್ದು. ಸಂದೇಹವಿದ್ದಲ್ಲಿ ಸತ್ತವರ ಹೇಳಿಕೆಯೇ ಅಂತಿಮ.

೩. "ನುಗ್ಗೋ ಮುಂಚೆ ಒಂದು ಮಾತು ಹೇಳ್ರಪ್ಪಾ, ನಾನೂ ಹಿಂದೇನೇ ಬರ್ತೀನಿ" ಎಂಬ ಶ್ರೀಮತಿ ಮಾರಿಟ್ ಅವರ ಏಕೈಕ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಅಭಿಪ್ರಾಯ ಕೋರಲಾಗಿ, ಶ್ರೀ ಕೋಲ್ಟನ್ ಅವರು "ಹೇಳಿ ಕೇಳಿ ನುಗ್ಗೋದಕ್ಕೆ ಅದೇನು ದಿನಸಿ ಅಂಗಡೀನಾ?" ಎಂದಿರುತ್ತಾರೆ. ಮನವಿಯನ್ನು ತಿರಸ್ಕರಿಸಲಾಗಿದೆ. ಆದಾಗ್ಯೂ, ಮುಂಚೂಣಿಯವರು ಯಾವಾಗ ನುಗ್ಗುವರೆಂಬುದನ್ನು ಸಪೋರ್ಟ್ ಆಟಗಾರರು ಮುಂಚಿತವಾಗಿ ಊಹಿಸಿ, ಬೆನ್ನ ಹಿಂದೆಯೇ ಹಾಜರಿರತಕ್ಕದ್ದು. ಊಹೆ ತಪ್ಪಿದಲ್ಲಿ ಲಿಖಿತ ಸಮಜಾಯಿಷಿ ನೀಡುವುದು.

೪. ಸಪೋರ್ಟ್ ಆಟಗಾರರ ಮೇಲೆಯೇ ಶತ್ರುಗಳು ಎರಗಿದಲ್ಲಿ ಸದ್ದಿಲ್ಲದೆ ಸಾಯತಕ್ಕದ್ದು. ಕೂಗಾಟದಿಂದ ಮುಂಚೂಣಿಯವರ ಏಕಾಗ್ರತೆಗೆ ಭಂಗ ಬರುತ್ತದೆ. ಸಾಯುವ ಮುನ್ನ ಕೈಯಲ್ಲಿರುವ ಔಷಧವನ್ನು ಶ್ರೀ ಕೋಲ್ಟನ್ ಅವರಿಗೆ ಎಟುಕುವಂತೆ ಇಟ್ಟು ಸಾಯುವುದು.

೫. ಥ್ಯಾಂಕ್ಸ್ ನಿರೀಕ್ಷಿಸುವುದನ್ನು ನಿಷೇಧಿಸಲಾಗಿದೆ. ಬಸ್ಸಿನಿಂದ ಇಳಿಯುವ ಶಾಲಾ ಮಕ್ಕಳು ದಿನವೂ "ಥ್ಯಾಂಕ್ಯೂ ಮಾರಿಟ್" ಎಂದು ಹೇಳಿ ಹೇಳಿ ಇವರ ಅಭ್ಯಾಸ ಕೆಡಿಸಿರುವುದು ಶಾಖೆಯ ಗಮನಕ್ಕೆ ಬಂದಿದೆ. ಮಕ್ಕಳನ್ನು ಹದ್ದುಬಸ್ತಿನಲ್ಲಿಡುವಂತೆ ಶಾಲೆಗೆ ಪತ್ರ ಬರೆಯಲಾಗುತ್ತಿದೆ.

೬. ಫೈನಲ್ ಪೋಸ್ಟರ್ ಕುರಿತು: ಗೆಲ್ಲಿಸಿದವರ ಫೋಟೋ ಹಾಕುವುದು ರೂಢಿಯಾದ್ದರಿಂದ, ತಂಡದ ನಾಯಕರು ಶ್ರೀಮತಿ ಮಾರಿಟ್ ಅವರನ್ನು "ನಿಮ್ಮ ಫೋಟೋ ಹಾಕೋಣ್ವಾ?" ಎಂದು ಕೇಳಲಾಗಿ, "ಅಯ್ಯೋ, ನಂದ್ಯಾಕೆ ಬಿಡಿ" ಎಂದಿರುತ್ತಾರೆ. ಈ ಸೀಮೆಯಲ್ಲಿ ಯಾರೂ ಮೊದಲ ಸಲಕ್ಕೆ ಹೂಂ ಅನ್ನುವುದಿಲ್ಲ, ಎರಡನೆಯ ಸಲಕ್ಕೂ ಅನ್ನುವುದಿಲ್ಲ, ಮೂರನೆಯ ಸಲ ಕೇಳಿದ ಮೇಲೆಯೇ ತಟ್ಟೆಯಲ್ಲಿ ಉಳಿದ ಕೊನೆಯ ಲೆಮನ್ ಬಾರ್ ಸಿಹಿತಿಂಡಿಗೂ ಕೈ ಹಾಕುತ್ತಾರೆ ಎಂಬುದು ಶಾಖೆಗೆ ತಿಳಿಯದ್ದೇನಲ್ಲ. ಆದರೆ ಸಮಯಾಭಾವದಿಂದ ಒಂದೇ ಸಲ ಕೇಳಿ, ನಿರಾಕರಣೆಯೆಂದು ದಾಖಲಿಸಿ, ಶ್ರೀ ಕೋಲ್ಟನ್ ಅವರ ಫೋಟೋವನ್ನು ಮುದ್ರಿಸಲಾಗಿದೆ. ಸತ್ತ ಭಂಗಿ ಅಷ್ಟು ಚೆನ್ನಾಗಿ ಕಾಣದ ಕಾರಣ ನುಗ್ಗುವ ಭಂಗಿಯನ್ನು ಬಳಸಿಕೊಳ್ಳಲಾಗಿದೆ.

೭. ಶನಿವಾರದ ಫೈನಲ್ ಪಂದ್ಯವು ಸೇತುವೆಯಾಚೆಯ ಸುಪೀರಿಯರ್ ಊರಿನ ತಂಡದ ವಿರುದ್ಧ ನಡೆಯಲಿದೆ. ಅಂದು ಶ್ರೀಮತಿ ಮಾರಿಟ್ ಅವರು ತಮ್ಮ ಹೊಡೆಯುವ ಗುಂಡಿಯ ಮೇಲೆ ಅಂಟುಪಟ್ಟಿ ಹಚ್ಚಿಕೊಂಡು ಆಡತಕ್ಕದ್ದು. ತಂಡದ ಊಟಕ್ಕೆ ಹಾಟ್‌ಡಿಶ್ಶನ್ನು ಎಂದಿನಂತೆ ಅವರೇ ಬೇಯಿಸಿ ತರತಕ್ಕದ್ದು. ಮೇಲುಗಡೆ ಆಲೂಗಡ್ಡೆ ಗರಿಗರಿಯಾಗಿರಲಿ.

ಸೇರ್ಪಡೆ (ಸಹಿಗೆ ಮಂಡಿಸಿದ ನಂತರ ಬಂದ ಮಾಹಿತಿಯ ಮೇರೆಗೆ):

ಸುಪೀರಿಯರ್ ತಂಡದ ನಾಯಕಿ ಶ್ರೀಮತಿ ಲೋರ್ನಾ ಕೊಸ್ಕಿ ಅವರು ಶ್ರೀಮತಿ ಮಾರಿಟ್ ಅವರನ್ನು "ನಮ್ ಕಡೆ ಆಡ್ತೀರಾ?" ಎಂದು ಕೇಳಿದರೆಂದೂ, ಇವರು "ಅಯ್ಯೋ, ನಾನ್ಯಾಕೆ" ಎಂದರೆಂದೂ, ಎರಡನೆಯ ಸಲ ಕೇಳಿದಾಗ "ನೋಡೋಣ ಬಿಡಿ" ಎಂದರೆಂದೂ ತಿಳಿದುಬಂದಿದೆ. ಸದರಿ ನಾಯಕಿಯವರು ಅಷ್ಟಕ್ಕೇ ಬಿಡದೆ "ಬನ್ನಿ ಮಾರಿಟ್, ನುಗ್ಗೋ ಮುಂಚೆ ನಿಮಗೆ ಹೇಳ್ತೀವಿ" ಎಂದು ಮೂರನೆಯ ಸಲವೂ ಕೇಳಿರುತ್ತಾರೆ. ಶ್ರೀಮತಿ ಮಾರಿಟ್ ಅವರು "ಹೂಂ, ಆಯ್ತು" ಎಂದಿರುತ್ತಾರೆ. ಫೈನಲ್‌ಗೆ ಮುಂಚೆ ತಂಡ ಬದಲಿಸಲು ಸ್ಪರ್ಧೆಯ ನಿಯಮದಲ್ಲಿ ಅವಕಾಶವಿರುವುದು ವಿಷಾದನೀಯ.

ಆದುದರಿಂದ, ಕಂಡಿಕೆ ೬ರಲ್ಲಿ ಬಾಕಿ ಉಳಿದಿದ್ದ ಎರಡನೆಯ ಹಾಗೂ ಮೂರನೆಯ ಕೇಳಿಕೆಗಳನ್ನು ಈ ಮೂಲಕ ಒಟ್ಟಿಗೇ ಕೇಳಲಾಗಿದೆ: ಪೋಸ್ಟರಿನಲ್ಲಿ ತಮ್ಮ ಫೋಟೋ ಹಾಕೋಣವೇ? ಹಾಕೋಣವೇ?

ಸಹಿ/-
(ಡ್ವೇನ್ ಪೆಟ್ರಿಚ್)
ತಂಡದ ನಾಯಕರು ಹಾಗೂ ಪ್ರಭಾರ ಶಾಖಾಧಿಕಾರಿ

ಪ್ರತಿಗಳು:

೧. ಶ್ರೀಮತಿ ಮಾರಿಟ್ ಸುಂಡ್‌ಕ್ವಿಸ್ಟ್, ಸೇತುವೆಯಾಚೆ: ಕಟ್ಟುನಿಟ್ಟಿನ ಪಾಲನೆಗಾಗಿ. ("ಕಟ್ಟುನಿಟ್ಟಿನ ಪಾಲನೆಗಾಗಿ" ಎಂಬುದನ್ನು "ದಯವಿಟ್ಟು" ಎಂದು ಓದಿಕೊಳ್ಳುವುದು.)

೨. ಬೌಲಿಂಗ್ ಅಂಗಣದ ಅಡುಗೆಮನೆ: ಶನಿವಾರ ಹಾಟ್‌ಡಿಶ್ ಇರುವುದಿಲ್ಲ.

೩. ಶ್ರೀ ಕೋಲ್ಟನ್ ಬ್ರಾಂಡ್ವೋಲ್ಡ್: ತೆರವಾದ ಸಪೋರ್ಟ್ ಹುದ್ದೆಯನ್ನು ಶನಿವಾರ ವಹಿಸಿಕೊಳ್ಳಲು. ಮೇಲಿನ ಎಲ್ಲ ಕಂಡಿಕೆಗಳೂ ಇವರಿಗೆ ಅನ್ವಯ.

೪. ಕಡತಕ್ಕೆ: "ನುಗ್ಗೋ ಮುಂಚೆ ಎಲ್ರೂ ಒಂದು ಮಾತು ಹೇಳ್ರಪ್ಪಾ, ಪ್ಲೀಸ್" ಎಂಬ ಶ್ರೀ ಕೋಲ್ಟನ್ ಅವರ ಇಂದಿನ ಮನವಿಯನ್ನು ಕಂಡಿಕೆ ೩ರ ಮೇರೆಗೆ ತಿರಸ್ಕರಿಸಿ ಲಗತ್ತಿಸಿದೆ.