ಹೂವಿಲ್ಲದ ಮನೆ

ನಮ್ಮ ಸೋದರತ್ತೆಯ ಮುಂದೆ ಕಮಲದ ಮಾತು ಎತ್ತಬೇಡಿ. ಲಕ್ಷ್ಮಿಯೇ ಬಂದು ಅದರ ಮೇಲೆ ಕೂತರೂ ಅತ್ತೆ ಒಪ್ಪುವುದಿಲ್ಲ! ಕಾರಣ ಇಷ್ಟೆ: ಆಕೆ ಕಮಲವನ್ನು ಕಣ್ಣಾರೆ ನೋಡಿಲ್ಲ. "ಕ್ಯಾಲೆಂಡರಿನ್ಯಾಗ ಅರಳೂದು ಒಂದು ಹೂವೇನು?" ಎಂದು ಕೇಳುತ್ತಾಳೆ. ಆಕೆಯ ರಂಗೋಲಿಯಲ್ಲಿ ಜಾಗ ಬೇಕೆಂದರೆ ಹೂವು ಮೊದಲು ನಮ್ಮ ಹೊಲದಲ್ಲೋ ಹಿತ್ತಲಲ್ಲೋ ಬಿಟ್ಟು ತೋರಿಸಬೇಕು. ಕುಸುಬಿ, ತೊಗರಿ, ಹತ್ತಿ, ಬದನೆ, ಹೀರೆ. ಗುಲಾಬಿ ಇನ್ನೂ ಉಮೇದುವಾರ.

ಒಮ್ಮೆ ಆಕೆಯ ಜೊತೆ ಉಮರ್ಗಾದ ಸೀರೆ ಅಂಗಡಿಗೆ ಹೋದೆ. ಯಾಕೆ ಹೋದೆನೋ! ಅಂಗಡಿಯವರು ಗಾದಿಯ ಮೇಲೆ ಬಳ್ಳಿ ಬಳ್ಳಿಯ ಸೀರೆ ಹರವಿದರು. ಅತ್ತೆ ಸೆರಗನ್ನು ಬೆಳಕಿಗೆ ಹಿಡಿದಳು.

"ಬಳ್ಳಿ ಹೀರಿಕಾಯಿದು, ಹೂವು ದಾಸಾಳದ್ದು. ಇವೆರಡರ ಲಗ್ನ ಯಾವ ಊರಾಗ ಆತ್ರಿ?"

"ಮಾವಶಿ, ಅದು ಡಿಸೈನ್ ಅದ ರೀ."

"ಡಿಸೈನ್ ಯಾವ ಗಿಡದಾಗ ಬಿಡ್ತದ?"

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಉದಗೀರದಲ್ಲಿ ಓದಿ, ಆಮೇಲೆ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತಿದವಳು. ಈ ಪ್ರಶ್ನೆಗೆ ಉತ್ತರ ಅಲ್ಲೆಲ್ಲೂ ಸಿಕ್ಕಿರಲಿಲ್ಲ. ಕಡೆಗೆ ಅತ್ತೆ ಒಂದೂ ಹೂವಿಲ್ಲದ ಬೋಳು ಸೀರೆ ತೆಗೆದುಕೊಂಡು, ಜಗತ್ತನ್ನೇ ತಿದ್ದಿದವಳ ಹಾಗೆ ಬಸ್ಸು ಹತ್ತಿದಳು.

ಅತ್ತೆಯ ಊರು ಮಾಕಣಿಯ ಕಡೆ. ಭೂಕಂಪದಲ್ಲಿ ಹಳೆಯ ಊರು ಬಿದ್ದ ಮೇಲೆ ಹೊಸ ಜಾಗದಲ್ಲಿ ಸಾಲು ಮನೆಗಳು ಎದ್ದವು. ಒಂದೇ ಅಳತೆ, ಒಂದೇ ಬಾಗಿಲು, ಒಂದೇ ಬಣ್ಣ! ಹೊಸದರಲ್ಲಿ ನಮ್ಮ ಮಾಮ, ಅಂದರೆ ಅತ್ತೆಯ ಗಂಡ, ಹೊಲದಿಂದ ಬಂದವರೇ ಪಕ್ಕದ ಮನೆ ಹೊಕ್ಕು, ರುಮಾಲು ಗೂಟಕ್ಕೆ ಹಾಕಿ, "ಚಾ ಮಾಡು" ಎಂದು ಗದರಿದರಂತೆ. ಪಕ್ಕದ ಮನೆಯಾಕೆ ಪಾಪ, ಮಾಡಿಯೂ ಕೊಟ್ಟಳು. ಅರ್ಧ ಕುಡಿದ ಮೇಲೆ, "ಇವತ್ತ ಸಕ್ಕರಿ ಬರೋಬ್ಬರಿ ಬಿದ್ದದ" ಅಂದರಂತೆ ಮಾಮ. ಗೋಡೆಯಾಚೆ ಅತ್ತೆ ಕೇಳಿಸಿಕೊಂಡಳು!

ಮರುದಿನವೇ ಶುರು. ನಸುಕಿನಲ್ಲಿ ಎದ್ದು ಸಾಲಿನ ಪ್ರತಿ ಮನೆಯ ಮುಂದೆ ರಂಗೋಲಿಯಲ್ಲಿ ಒಂದೊಂದು ಹೂವು ಹಾಕಿದಳು. ಯಾರನ್ನೂ ಕೇಳಲಿಲ್ಲ. ಕ್ರಮೇಣ ಅದೇ ವಿಳಾಸವಾಯಿತು. ಗುಂಜೋಟಿಯಿಂದ ಬಂದ ಬೀಗರು "ತೊಗರಿ ಹೂವಿನ ಮನಿ ಎಲ್ಲದ?" ಎಂದು ಕೇಳಿಕೊಂಡು ಬರುತ್ತಿದ್ದರು. ಜಗಳ ತೆಗೆದವಳು ಚಹಾ ಕೊಟ್ಟ ಪಕ್ಕದಾಕೆ ಒಬ್ಬಳೇ.

"ಅಕ್ಕಾ, ಅವರಿಗಿ ಹತ್ತಿ ಹೂವು, ಇವರಿಗಿ ಕುಸುಬಿ. ನಮಗ ಬದನಿ ಹೂವೇನ್ರಿ? ಒಂದು ಕಮಲ ಹಾಕಿದ್ರ ನಿಮ್ಮ ಗಂಟೇನು ಹೋಗ್ತದ?"

"ಬದನಿ ಹೂವು ತಲಿ ಬಗ್ಗಿಸಿ ನಿಂದರತದ. ನೀನೂ ಕಲಿಲಿ ಅಂತ ಹಾಕೀನಿ!"

ಇಷ್ಟೆಲ್ಲ ಹೂವು ಹಂಚುವವಳ ಸ್ವಂತ ಬಾಗಿಲ ಮುಂದೆ ಮಾತ್ರ ಒಂದು ಚುಕ್ಕೆಯೂ ಇರುತ್ತಿರಲಿಲ್ಲ. ಆ ಮನೆಯ ಗುರುತೇ 'ಹೂವಿಲ್ಲದ ಮನಿ'. ಮಾಮನಿಗೆ ಇದೊಂದೇ ಕೊರಗು. "ಬಾಗಲಾಗ ಹೂವಿಲ್ಲ ಅಂದ್ರ, ನಾವಿನ್ನೂ ಈ ಮನಿಗಿ ಬಂದೇ ಇಲ್ಲ ಅನಸ್ತದವಾ" ಎಂದು ನನ್ನ ಹತ್ತಿರ ಹೇಳುವರು. ಅತ್ತೆಯ ಉತ್ತರ ಒಂದೇ: "ಅದು ಆಯಿ ಜಾಗಾ."

ಆಯಿ ಅಂದರೆ ಅತ್ತೆಯ ಅತ್ತೆ, ಮಾಮನ ತಾಯಿ. ಹಳೆಯ ಊರಿನಲ್ಲಿ ಹೊಸ್ತಿಲ ಮುಂದಿನ ರಂಗೋಲಿ ಆಯಿಯದೇ ಹಕ್ಕು. ಸೊಸೆ ಎಂದಾದರೂ ಕೈ ಹಚ್ಚಿದರೆ, "ಇದೇನು ಹೂವೇನ, ಜ್ವಾಳದ ರೊಟ್ಟಿ?" ಎಂದು ಕಸಬರಿಗೆಯಿಂದ ಅಳಿಸಿಬಿಡುವಳು. ಅತ್ತೆ ನೆರೆಯವರ ಅಂಗಳದಲ್ಲಿ ಹಾಕುವ ಚಟ ಹತ್ತಿಸಿಕೊಂಡದ್ದೇ ಹಾಗೆ. ಆಯಿಯ ಹೂವುಗಳು ನನಗೆ ನೆನಪಿವೆ ಎಂದುಕೊಂಡಿದ್ದೇನೆ. ಆದರೆ ಅದು ನೆನಪೋ, ಅತ್ತೆ ಹೇಳಿ ಹೇಳಿ ನನ್ನ ತಲೆಯಲ್ಲಿ ಬಿಡಿಸಿದ ಚಿತ್ರವೋ? ಖಾತ್ರಿಯಿಲ್ಲ. ಭೂಕಂಪದಲ್ಲಿ ಆಯಿ ಹೋದಳು. ಅಳಿಸುವವರು ಯಾರೂ ಉಳಿಯಲಿಲ್ಲ. ಅತ್ತೆ ಮಾತ್ರ ಹೊಸ ಮನೆಯಲ್ಲೂ ಆ ಜಾಗಕ್ಕೆ ಕೈ ಹಚ್ಚಲಿಲ್ಲ.

ಒಂದು ದೀಪಾವಳಿಗೆ ನಾನು ಅಲ್ಲೇ ಇದ್ದೆ. ಅತ್ತೆಗೆ ಜ್ವರ. ಇಡೀ ಸಾಲು ಬೋಳು. ಬೆಳಿಗ್ಗೆ ಹಾಲು ತರಲು ಹೋದ ಮಾಮ ಎಷ್ಟು ಹೊತ್ತಾದರೂ ಬರಲಿಲ್ಲ. ಆಮೇಲೆ ಹೊರಗೆ ಏನೋ ಸಪ್ಪಳ ಕೇಳಿಸಿತು. ಅತ್ತೆ ಶಾಲು ಹೊದ್ದು ಎದ್ದು ಬಂದಳು, ಹಿಂದೆ ನಾನು. ಪಕ್ಕದ ಮನೆಯಾಕೆ ನಮ್ಮ ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಎದುರಿಗೆ ರಂಗೋಲಿಯಲ್ಲಿ ಸೊಟ್ಟನೆಯದೊಂದು ಏನೋ.

"ನಿಮ್ಮನಿಯವ್ರು ಮತ್ತ ನಮ್ಮಲ್ಲೇ ಬಂದು ಕುಂತಾರ ಅಕ್ಕಾ. ಎಲ್ಲಾ ಬೋಳು ಇದ್ರ ಹೂವಿಲ್ಲದ ಮನಿ ಹ್ಯಾಂಗ ಗುರ್ತ ಹಿಡೀಬೇಕು? ಅದಕ್ಕ ಒಂದು ಬದನಿ ಹೂವು..."

"ಇದೇನು ಹೂವೇನ, ಜ್ವಾಳದ ರೊಟ್ಟಿ?"

ಅಂದುಬಿಟ್ಟಳು ಅತ್ತೆ. ಆ ಮಾತು ಯಾರದೆಂದು ಆಕೆಗೂ ಗೊತ್ತಾಯಿತು. ಬಾಗಿಲ ಸಂದಿಯಲ್ಲಿ ಕಸಬರಿಗೆ ಇತ್ತು. ಅತ್ತೆ ಅದರ ಕಡೆ ನೋಡಿದಳು. ಪಕ್ಕದಾಕೆಯೂ ನೋಡಿದಳು, ಹಾಲಿನ ಚೊಂಬು ಹಿಡಿದು ಆಗಷ್ಟೇ ಬಂದು ನಿಂತ ಮಾಮನೂ ನೋಡಿದರು.

ಅತ್ತೆ ಗೋಡೆ ಹಿಡಿದು ಮೆಲ್ಲಗೆ ಕೂತಳು.

"ಬದನಿ ಹೂವಿಗಿ ಎಸಳು ನಾಕೇನ? ಮುಂಜಾನಿಂದ ಸಂಜಿ ತನಕಾ ಬದನಿಗಿಡದಾಗ ಇರ್ತಿ," ಅಂದಳು. ಕೈ ಮುಂದೆ ಚಾಚಿದಳು.

"ತಾ ಇಲ್ಲಿ, ರಂಗೋಲಿ."